ಕಂತು ತಪ್ಪಿದವರಿಗೆ ನೌಕರಿಯೂ ತಪ್ಪಬೇಕೆ? ನೇಮಕಾತಿಯಲ್ಲಿ ಸಿಬಿಲ್ ಪರಿಶೀಲನೆಯ ಕುರಿತು ಚರ್ಚೆ

ಅಂಕೋಲೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದಾನೆ. ಬ್ಯಾಂಕ್ ಹಂಚಿಕೆಯೂ ಆಗಿದೆ, ದಾಖಲೆ ಪರಿಶೀಲನೆಗೆ ಕರೆ ಬರುವುದೊಂದೇ ಬಾಕಿ. ಆದರೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅವನ ಹೆಸರಿನಲ್ಲಿರುವ ಶಿಕ್ಷಣ ಸಾಲ ಸುಸ್ತಿಯಾಗಿದೆ, ಸಾಲ ಸುಸ್ತಿಯಾದವರಿಗೆ ಬ್ಯಾಂಕ್ ನೌಕರಿ ಕೊಡುವುದಿಲ್ಲವೆಂದು ಅವನ ಸ್ನೇಹಿತರು ಹೇಳುತ್ತಿದ್ದಾರೆ.

ಅಪ್ಪ ಬೈತಖೋಲ್ ಬಂದರಿನ ಟ್ರಾಲ್ ದೋಣಿಯಲ್ಲಿ ಕಲಾಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಮನೆಗೆ ಬರುವ ಹಣ ಏನೂ ಇರುವುದಿಲ್ಲ. ಆಗಸ್ಟಿನಲ್ಲಿ ಸಮುದ್ರ ಶಾಂತವಾಗದಿದ್ದರೆ ಮೂರನೆಯ ತಿಂಗಳೂ ಹಾಗೆಯೇ ಹೋಗುತ್ತದೆ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಬೀಳುತ್ತದೆ. ನಾವು ಅವನ ಸಿಬಿಲ್ ವರದಿ, ಅಂದರೆ ಸಾಲ ಮರುಪಾವತಿಯ ದಾಖಲೆ, ತೆಗೆಸಿದಾಗ ಅದರಲ್ಲಿ ಕಂತು ಎಷ್ಟು ದಿನ ತಡವಾಯಿತೆಂದು ತೋರಿಸುವ, ತಿಂಗಳಿಗೊಂದರಂತೆ ಸಣ್ಣ ಚೌಕಗಳಿದ್ದವು. ಮೇ ತಿಂಗಳವರೆಗೆ ಎಲ್ಲವೂ ಸೊನ್ನೆ, ಜುಲೈ ಚೌಕದಲ್ಲಿ 30, ಆಗಸ್ಟಿನಲ್ಲಿ 61, ಅಕ್ಟೋಬರಿನಲ್ಲಿ ಮತ್ತೆ ಸೊನ್ನೆ. ಮರುವರ್ಷದ ಸಾಲಿನಲ್ಲಿಯೂ ಅದೇ ಏರಿಳಿತ. ನಮ್ಮ ಮನೆಯ ಮಳೆಗಾಲಗಳನ್ನು ಯಾರೋ ಬರೆದಿಟ್ಟಂತೆ ಕಂಡಿತು. ಆದರೆ ಕಳೆದ ವರ್ಷ ಬಲೆ ಎಳೆಯುವ ವಿಂಚ್ ಯಂತ್ರದ ಹಗ್ಗಕ್ಕೆ ಸಿಕ್ಕಿ ಅಪ್ಪನ ಕೈಗೆ ಪೆಟ್ಟಾಗಿ ಅವರು ಕೆಲಸ ಬಿಟ್ಟು ಕೂರಬೇಕಾಯಿತು. ಆಗ ನಿಂತ ಕಂತುಗಳು ಇನ್ನೂ ತುಂಬಿಲ್ಲ, ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ಗುರುತಾಗಿದೆ.

ನನ್ನ ಪ್ರಶ್ನೆ ಎರಡು. ನೌಕರಿ ಉಳಿಯಬೇಕಾದರೆ ಇಡೀ ಸಾಲವನ್ನೇ ತೀರಿಸಬೇಕೆ, ನಿಂತ ಕಂತುಗಳನ್ನು ತುಂಬಿದರೆ ಸಾಕೆ? ಮತ್ತು, ಸಾಲ ತೀರಿಸಲಿಕ್ಕೆಂದೇ ನೌಕರಿ ಹುಡುಕುತ್ತಿರುವ ಹುಡುಗನಿಗೆ ಸಾಲ ತೀರಿಲ್ಲವೆಂದು ನೌಕರಿ ನಿರಾಕರಿಸುವುದು ಯಾವ ನ್ಯಾಯ? ತಿಳಿದವರು ದಯವಿಟ್ಟು ಬರೆಯಿರಿ.

ಶಿರಸಿಯ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ

ಅಕ್ಕೋರೇ, ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮಗಿರುವ ಸಮಯ ಕಡಿಮೆ.

ಈ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಯಲ್ಲಿ ಸಾಲದ ಇತಿಹಾಸದ ಬಗ್ಗೆಯೇ ಒಂದು ಷರತ್ತು ಇದೆ. ಅಭ್ಯರ್ಥಿಯು ಕೆಲಸಕ್ಕೆ ಸೇರುವ ಹೊತ್ತಿಗೆ ಅವನ ಸಾಲದ ದಾಖಲೆ ಚೆನ್ನಾಗಿರಬೇಕು. ಹಾಗಿಲ್ಲದಿದ್ದರೆ ಸೇರುವ ದಿನದೊಳಗೆ ಸಿಬಿಲ್ ಸ್ಥಿತಿಯನ್ನು ಸರಿಪಡಿಸಿಕೊಳ್ಳಬೇಕು, ಅಥವಾ ವರದಿಯಲ್ಲಿ ಪ್ರತಿಕೂಲವಾಗಿ ಕಾಣುವ ಖಾತೆಗಳಲ್ಲಿ ಬಾಕಿ ಇಲ್ಲವೆಂದು ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರಬೇಕು. ಎರಡೂ ಆಗದಿದ್ದರೆ ನೇಮಕಾತಿ ಪತ್ರವನ್ನು ಹಿಂಪಡೆಯಬಹುದು, ಅಂತಿಮ ತೀರ್ಮಾನ ಆಯಾ ಬ್ಯಾಂಕಿನದು ಎಂದು ಅದರಲ್ಲಿದೆ. ಕನಿಷ್ಠ ಸಿಬಿಲ್ ಅಂಕ ಎಷ್ಟಿರಬೇಕೆಂಬುದನ್ನೂ ಬ್ಯಾಂಕುಗಳ ನೀತಿಗೆ ಬಿಟ್ಟಿದ್ದಾರೆ. ಆದ್ದರಿಂದ ನಿಮ್ಮ ತಮ್ಮನಿಗೆ ಹಂಚಿಕೆಯಾದ ಬ್ಯಾಂಕಿನ ಪತ್ರದಲ್ಲಿ ಏನಿದೆಯೆಂಬುದನ್ನು ಒಂದೊಂದು ಸಾಲಾಗಿ ಓದಿರಿ. ಸ್ನೇಹಿತರ ಮಾತಿಗಿಂತ ಆ ಪತ್ರ ಮುಖ್ಯ.

ಚಾಲ್ತಿಯಲ್ಲಿರುವ ಶಿಕ್ಷಣ ಸಾಲ ತನ್ನಷ್ಟಕ್ಕೆ ದೋಷವಲ್ಲ, ಅದರಲ್ಲಿರುವ ಸುಸ್ತಿ ದೋಷ. 90 ದಿನಕ್ಕಿಂತ ಹೆಚ್ಚು ಬಾಕಿ ನಿಂತ ಖಾತೆ ಎನ್‌ಪಿಎ ಆಗುತ್ತದೆ. ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಚಾಲ್ತಿಗೆ ಬರಬೇಕಾದರೆ ಅಸಲು ಮತ್ತು ಬಡ್ಡಿಯ ಎಲ್ಲ ಹಿಂಬಾಕಿಯನ್ನೂ ತುಂಬಬೇಕೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಒಂದೆರಡು ಕಂತು ಕಟ್ಟಿ 90 ದಿನಕ್ಕಿಂತ ಕೆಳಗೆ ತಂದರೆ ಸಾಲದು. ಇಡೀ ಸಾಲ ತೀರಿಸಬೇಕಾಗಿಲ್ಲ, ಆದರೆ ಹಿಂಬಾಕಿಯಲ್ಲಿ ಒಂದು ರೂಪಾಯಿಯೂ ಉಳಿಯಬಾರದು. ಹಣ ತುಂಬಿದ ದಿನವೇ ಶಾಖೆಯಿಂದ, ಈ ಖಾತೆಯಲ್ಲಿ ಈ ದಿನಾಂಕಕ್ಕೆ ಯಾವುದೇ ಸುಸ್ತಿ ಇಲ್ಲ ಎಂಬ ಪತ್ರವನ್ನು ಮೊಹರು ಹಾಕಿಸಿ ತೆಗೆದುಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ವರದಿ ಮೊದಲಿಗಿಂತ ಬೇಗ ಬದಲಾಗುತ್ತದೆ. ಆದರೂ ಪತ್ರ ಕೈಯಲ್ಲಿರಲಿ.

ಎರಡನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು. ಗುಮಾಸ್ತ ನೋಟಿನ ಕಟ್ಟುಗಳ ನಡುವೆ ಕೂರುವವನು. ವಿಪರೀತ ಸಾಲದ ಒತ್ತಡದಲ್ಲಿರುವವನನ್ನು ಅಲ್ಲಿ ಕೂರಿಸುವುದು ಬ್ಯಾಂಕಿಗೂ ಒಳ್ಳೆಯದಲ್ಲ, ಅವನಿಗೂ ಒಳ್ಳೆಯದಲ್ಲ. ಪರಿಶೀಲನೆ ಇರಬೇಕು. ಅದನ್ನು ಹೇಗೆ ಮಾಡುತ್ತಾರೆಂಬುದು ಬೇರೆ ಮಾತು.

ಹೊನ್ನಾವರದ ಗೃಹಿಣಿ

ಹಿರಿಯರು ಬರೆದದ್ದು ಬ್ಯಾಂಕ್ ನೌಕರಿಗೆ ಸರಿಯಿರಬಹುದು. ನನಗೆ ಆದದ್ದು ಬೇರೆ. ಬಿ.ಕಾಂ. ಮುಗಿಸಿದ್ದೇನೆ, ಟ್ಯಾಲಿ ಬರುತ್ತದೆ. ಊರಿನ ಸಮೀಪದ ಒಂದು ಖಾಸಗಿ ಸಂಸ್ಥೆಯಲ್ಲಿ ಕಚೇರಿ ಸಹಾಯಕಿಯ ಕೆಲಸಕ್ಕೆ ಸಂದರ್ಶನ ಮುಗಿದು, ಮುಂದಿನ ವಾರ ಬನ್ನಿ ಎಂದಿದ್ದರು. ಆಮೇಲೆ ನನ್ನ ಸಾಲದ ವರದಿಯನ್ನು ನಾನೇ ಇಳಿಸಿಕೊಂಡು ಕಳಿಸಬೇಕೆಂದು ಕೇಳಿದರು, ಕಳಿಸಿದೆ. ನಂತರ ಅವರ ಫೋನೂ ಇಲ್ಲ, ಪತ್ರವೂ ಇಲ್ಲ. ನಾನೇ ಹೋಗಿ ಕೇಳಿದಾಗ ಹುದ್ದೆ ಭರ್ತಿಯಾಗಿದೆ ಎಂದರು.

ಆ ವರದಿಯಲ್ಲಿ ನನ್ನ ಹೆಸರಿನಲ್ಲಿ ಮೂರು ಮೈಕ್ರೋಫೈನಾನ್ಸ್ ಸಾಲಗಳಿವೆ. ಒಂದನ್ನು ಅತ್ತೆಯವರ ಚಿಕಿತ್ಸೆಗೆ ತೆಗೆದದ್ದು. ಇನ್ನೊಂದನ್ನು ಮೊದಲನೆಯದರ ವಾರದ ಕಂತಿಗೆ ತೆಗೆದದ್ದು. ಮೂರನೆಯದು ಮನೆಯ ಮಾಡಿಗೆ. ಸಾಲ ಕೊಡುವವರು ಹೆಂಗಸರ ಹೆಸರಿನಲ್ಲಿಯೇ ಕೊಡುತ್ತಾರೆ, ಹಾಗಾಗಿ ಮನೆಯ ಕಷ್ಟವೆಲ್ಲ ನನ್ನ ಪ್ಯಾನ್ ಸಂಖ್ಯೆಯ ಕೆಳಗೆ ಬಂದು ಕುಳಿತಿದೆ. ನನ್ನ ಗಂಡನ ವರದಿಯಲ್ಲಿ ಒಂದು ಸಾಲವೂ ಇಲ್ಲ. ಅದೇ ಸಂಸ್ಥೆಗೆ ಅವರು ಅರ್ಜಿ ಹಾಕಿದ್ದರೆ ಬಹುಶಃ ಕೆಲಸ ಸಿಗುತ್ತಿತ್ತು ಎಂದು ಎಣಿಸಿದಾಗ ಬಹಳ ನೋವಾಗುತ್ತದೆ. ನಾನು ಯಾರ ಹಣವನ್ನೂ ಮುಳುಗಿಸಿದವಳಲ್ಲ, ಎರಡು ಸಾಲ ತೀರಿದೆ, ಮೂರನೆಯದು ನಡೆಯುತ್ತಿದೆ. ಅದನ್ನು ಹೇಳಿಕೊಳ್ಳಲು ಅವರು ಒಂದು ಅವಕಾಶವನ್ನಾದರೂ ಕೊಡಬೇಕಿತ್ತು.

ಕಾರವಾರದ ವಕೀಲ

ಹೊನ್ನಾವರದ ಸಹೋದರಿ ಬರೆದ ಕೊನೆಯ ವಾಕ್ಯದಲ್ಲಿಯೇ ಕಾನೂನಿನ ಮುಖ್ಯ ಕೊರತೆ ಇದೆ.

ನಮ್ಮಲ್ಲಿ ಸಾಲ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವು ನಡೆಯುವುದು 2005ರ ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆಯಡಿ. ಸಾಲ ಕೊಡುವವರಿಗೆ ಸಾಲಗಾರನ ಬಗ್ಗೆ ತಿಳಿಯಲಿ ಎಂಬುದು ಆ ಕಾಯ್ದೆಯ ಉದ್ದೇಶ. ನಿಗದಿತ ಬಳಕೆದಾರರಿಗೆ ಮಾತ್ರ ಮಾಹಿತಿ ಸಿಗಬೇಕೆಂಬ ಕಟ್ಟುಪಾಡು ಅದರಲ್ಲಿದೆ. ಸಾಮಾನ್ಯ ಖಾಸಗಿ ಉದ್ಯೋಗದಾತರು ಅಭ್ಯರ್ಥಿಯ ಕೈಯಿಂದಲೇ ವರದಿ ತರಿಸಿಕೊಳ್ಳುವುದು ಈ ಕಟ್ಟುಪಾಡಿನಿಂದಾಗಿ. ಕೊಟ್ಟವನು ತಾನಾಗಿ ಕೊಟ್ಟಂತೆ ಆಗುತ್ತದೆ. ಆದರೆ ಕೆಲಸ ಬೇಕಾದವನು ಕೊಡುವುದಿಲ್ಲ ಎನ್ನಲಾರ, ಹಾಗಿರುವಾಗ ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು, ಅಲ್ಲಿ ಖಾಸಗಿ ಕಂಪನಿಗಳೂ ನೇಮಕಾತಿಗೆ ಮುನ್ನ ಸಾಲದ ವರದಿ ನೋಡುತ್ತವೆ. ಆದರೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಅದಕ್ಕೆ ಅಭ್ಯರ್ಥಿಯ ಲಿಖಿತ ಅನುಮತಿ ಬೇಕು. ವರದಿಯ ಕಾರಣಕ್ಕೆ ಕೆಲಸ ನಿರಾಕರಿಸುವುದಾದರೆ, ನಿರ್ಧಾರಕ್ಕೆ ಮೊದಲೇ ಆ ವರದಿಯ ಪ್ರತಿಯನ್ನೂ ಅವನ ಹಕ್ಕುಗಳ ವಿವರವನ್ನೂ ಅವನಿಗೆ ಕೊಡಬೇಕು. ಉದ್ಯೋಗದಾತರಿಗೆ ಹೋಗುವ ವರದಿಯಲ್ಲಿ ಅಂಕವಂತೂ ಇರುವುದೇ ಇಲ್ಲ. ಇಷ್ಟೂ ಸಾಲದೆಂದು ವಾಷಿಂಗ್ಟನ್, ಹವಾಯಿ, ಆರೆಗನ್, ಇಲಿನಾಯ್, ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳು, 2015ರಲ್ಲಿ ನ್ಯೂಯಾರ್ಕ್ ನಗರ, ಇಂಥ ಪರಿಶೀಲನೆಗೆ ಮಿತಿ ಹಾಕಿವೆ. ಹಣಕಾಸಿನ ಹೊಣೆಯಿರುವಂಥ ಕೆಲವು ಹುದ್ದೆಗಳಿಗೆ ವಿನಾಯಿತಿ ಇಟ್ಟು, ಉಳಿದ ಕೆಲಸಗಳಿಗೆ ಸಾಲದ ಚರಿತ್ರೆ ಕೇಳಬಾರದೆಂದು ಅಲ್ಲಿ ವಿಧಿಸಿದ್ದಾರೆ. ನಮ್ಮಲ್ಲಿ ಆ ನಿರ್ಧಾರಪೂರ್ವ ಸೂಚನೆಯಾದರೂ ಬರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನ್ಯಾಯಾಲಯಗಳ ಬಗ್ಗೆ ಸುಳ್ಳು ಭರವಸೆ ಬೇಡ. ಸಾಲದ ದಾಖಲೆ ಪ್ರತಿಕೂಲವಾಗಿದ್ದ ಕಾರಣಕ್ಕೆ ಸ್ಟೇಟ್ ಬ್ಯಾಂಕು ಒಬ್ಬ ಅಧಿಕಾರಿಯ ನೇಮಕಾತಿ ರದ್ದುಪಡಿಸಿದ್ದನ್ನು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ತಾನು ಸಾಲವನ್ನೆಲ್ಲ ತೀರಿಸಿದ್ದೇನೆಂದು ಅಭ್ಯರ್ಥಿ ವಾದಿಸಿದ್ದರೂ, ಮರುಪಾವತಿಯ ಚರಿತ್ರೆಯೇ ನಿರ್ಮಲವಾಗಿರಬೇಕೆಂದು ಅಧಿಸೂಚನೆ ಕೇಳಿದೆ, ಸಾರ್ವಜನಿಕರ ಹಣ ನಿರ್ವಹಿಸುವಲ್ಲಿ ಆರ್ಥಿಕ ಶಿಸ್ತು ಅಗತ್ಯ ಎಂಬ ನಿಲುವನ್ನು ನ್ಯಾಯಾಲಯ ತಾಳಿತು. 2023ರಲ್ಲಿ ಕೇರಳ ಹೈಕೋರ್ಟ್, ಸಿಬಿಲ್ ಅಂಕ ಕಡಿಮೆಯಿದೆಯೆಂದ ಮಾತ್ರಕ್ಕೆ ವಿದ್ಯಾರ್ಥಿಗೆ ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದಿತ್ತು; ಅದು ಸಾಲದ ವಿಷಯಕ್ಕೆ ಸಂಬಂಧಿಸಿದ್ದು, ನೌಕರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಂಕೋಲೆಯ ಶಿಕ್ಷಕಿಯವರು ಕೋರ್ಟಿನ ದಾರಿಗಿಂತ, ಶಿರಸಿಯ ಹಿರಿಯರು ಹೇಳಿದಂತೆ ಖಾತೆಯನ್ನು ಚಾಲ್ತಿಗೆ ತರುವ ದಾರಿಯನ್ನೇ ಮೊದಲು ಹಿಡಿಯಬೇಕು.

ಕುಮಟೆಯ ಅಂಗಡಿಕಾರ

ಎಲ್ಲರೂ ಒಂದೇ ಬದಿಯಿಂದ ಮಾತನಾಡುತ್ತಿದ್ದೀರಿ, ಕೆಲಸ ಕೊಡುವವನ ಮಾತೂ ಇರಲಿ. ನನ್ನ ಸಗಟು ಅಂಗಡಿಯಲ್ಲಿ ಹನ್ನೊಂದು ಜನರಿದ್ದಾರೆ. ಗಲ್ಲೆಯ ಮೇಲೆ ಕೂರಿಸುವವನನ್ನು ನಾನು ನಂಬಲೇಬೇಕು, ನಂಬಲು ಏನಾದರೊಂದು ಆಧಾರ ಬೇಕು. ಮೊದಲು ಊರಿನ ಹಿರಿಯರನ್ನು ಕೇಳುತ್ತಿದ್ದೆವು. ಈಗ ಹುಡುಗರು ಬೇರೆ ಬೇರೆ ಊರಿನಿಂದ ಬರುತ್ತಾರೆ, ಯಾರನ್ನು ಕೇಳಬೇಕು? ಬೆಟ್ಟಿಂಗ್ ಆ್ಯಪಿಗೆ ಹಣ ಸುರಿದು, ಸಾಲದ ಆ್ಯಪಿನಿಂದ ಸಾಲ ಎತ್ತಿ, ಕೊನೆಗೆ ಕೆಲಸ ಮಾಡುವ ಕಡೆಯೇ ಕೈ ಹಾಕಿದ ಪ್ರಸಂಗಗಳನ್ನು ನಮ್ಮ ವ್ಯಾಪಾರಸ್ಥರ ವಲಯದಲ್ಲಿ ಕೇಳಿದ್ದೇನೆ. ಸಿಬಿಲ್ ನೋಡುವುದು ತಪ್ಪೆನ್ನುವವರು ಅದಕ್ಕೆ ಬದಲಾಗಿ ಏನು ನೋಡಬೇಕೆಂದು ಹೇಳಲಿ.

ಶಿರಸಿಯ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ

ಕುಮಟೆಯವರ ಕಳವಳ ನಿಜ, ನಾನೂ ಅದರ ಪರವಾಗಿಯೇ ಬರೆದಿದ್ದೆ. ಆದರೆ ವರದಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಹೇಳಬೇಕು. ಕಂತು ಯಾವ ತಿಂಗಳು ಎಷ್ಟು ದಿನ ತಡವಾಯಿತೆಂಬುದು ಅದರಲ್ಲಿರುತ್ತದೆ, ಏಕೆ ತಡವಾಯಿತೆಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಬೆಟ್ಟಿಂಗಿನಲ್ಲಿ ಕಳೆದವನ 61 ದಿನವೂ ಕೈಗೆ ಪೆಟ್ಟಾದ ಕಲಾಸಿಯ ಮನೆಯ 61 ದಿನವೂ ಒಂದೇ ಅಂಕಿ. ನನ್ನ ಸೇವಾವಧಿಯಲ್ಲಿ ಕಂಡ ಒಳಗಿನ ವಂಚನೆಗಳಲ್ಲಿ ಹಣ ತೆಗೆದವರು ಕಂತು ತಪ್ಪಿಸಿದವರೇ ಆಗಿರಲಿಲ್ಲ. ಎಲ್ಲ ಸಾಲವನ್ನೂ ಅಚ್ಚುಕಟ್ಟಾಗಿ ಕಟ್ಟಿಕೊಂಡು ಬಂದವರೂ ಇದ್ದರು. ಅದನ್ನೆಲ್ಲ ತಡೆದದ್ದು ದಿನದ ಕೊನೆಯ ನಗದು ತಾಳೆ, ಇಬ್ಬರ ಕೈಯಲ್ಲಿರುವ ಬೀಗದ ಕೈ, ಹೇಳದೆ ಬರುವ ತಪಾಸಣೆ. ನಿಮ್ಮ ಅಂಗಡಿಗೂ ಅದನ್ನೇ ಹೇಳುತ್ತೇನೆ: ಸಂಜೆ ಗಲ್ಲೆ ಎಣಿಸುವವನು ಮತ್ತು ಬಿಲ್ಲು ಕೂಡಿಸುವವನು ಬೇರೆ ಬೇರೆಯಾಗಿರಲಿ. ಹಿಂದೆ ಕೆಲಸ ಮಾಡಿದ ಕಡೆ ಫೋನು ಮಾಡಿ ಕೇಳಿರಿ. ವರದಿ ನೋಡಲೇಬೇಕೆಂದಿದ್ದರೆ, ನೋಡಿದ ಮೇಲೆ ಹುಡುಗನನ್ನು ಕೂರಿಸಿಕೊಂಡು, ಇದು ಹೇಗಾಯಿತು ತಮ್ಮಾ, ಎಂದು ಕೇಳಿರಿ. ಉತ್ತರದಲ್ಲಿ ನಿಮಗೆ ಬೇಕಾದದ್ದು ಸಿಗುತ್ತದೆ.

ಸಿದ್ದಾಪುರದ ಅಡಿಕೆ ಬೆಳೆಗಾರ

ಮೀನುಗಾರರ ಮನೆಯ ತಿಂಗಳ ಲೆಕ್ಕವನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಘಟ್ಟದ ಮೇಲಿನ ನಮ್ಮದೂ ಅದೇ ಕಥೆ, ತಿಂಗಳು ಮಾತ್ರ ಬೇರೆ. ನಮಗೆ ಹಣ ಬರುವುದು ಅಡಿಕೆ ಒಣಗಿಸಿ ಸೊಸೈಟಿಗೆ ಹಾಕಿದ ಮೇಲೆ, ವರ್ಷಕ್ಕೊಂದು ಸಲ. ಸಹಕಾರಿ ಬೆಳೆಸಾಲ ಆ ಗಡುವಿಗೆ ಹೊಂದುತ್ತದೆ. ಆದರೆ ಮಕ್ಕಳ ಶಿಕ್ಷಣ ಸಾಲ, ವಾಹನ ಸಾಲ, ಚಿನ್ನದ ಸಾಲಗಳಿಗೆ ಅದು ಹೊಂದುವುದಿಲ್ಲ. ಕೊಳೆರೋಗವೂ ಎಲೆಚುಕ್ಕಿಯೂ ಒಟ್ಟಿಗೆ ಬಂದ ವರ್ಷ ಫಸಲು ಅರ್ಧಕ್ಕೆ ಇಳಿದರೆ, ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ಮಗನ ವರದಿಯಲ್ಲಿ ಅದು ಸುಸ್ತಿಯೆಂದು ನಮೂದಾಗುತ್ತದೆ. ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆಗೋಲಿನಿಂದ ನಮ್ಮ ಜಿಲ್ಲೆಯ ಅರ್ಧ ಮನೆಗಳನ್ನು ಅಳೆಯಲು ಬರುವುದಿಲ್ಲ.

ಇನ್ನೊಂದು ಸಂಗತಿಯ ಬಗ್ಗೆ ಎಲ್ಲರೂ ಎಚ್ಚರವಾಗಿರಬೇಕು. ನಮ್ಮಲ್ಲಿ ನೆಂಟರು, ನೆರೆಯವರು ಕೇಳಿದರೆ ಜಾಮೀನು ಹಾಕುವುದು ವಾಡಿಕೆ, ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ನನ್ನ ಅಣ್ಣನ ಮಗ ಗೆಳೆಯನೊಬ್ಬನ ವಾಹನ ಸಾಲಕ್ಕೆ ಸಹಿ ಹಾಕಿದ್ದ. ಗೆಳೆಯ ಕಂತು ಕಟ್ಟಲಿಲ್ಲ. ಒಂದು ಹಣಕಾಸು ಸಂಸ್ಥೆಯಲ್ಲಿ ಕೆಲಸಕ್ಕೆ ಹೋದಾಗ ಆ ಸುಸ್ತಿ ಇವನ ವರದಿಯಲ್ಲಿ ಕಂಡಿತು. ತಾನು ಒಂದು ರೂಪಾಯಿ ಸಾಲ ಮಾಡಿಲ್ಲವೆಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಜಾಮೀನುದಾರನ ಹೆಸರಿನಲ್ಲಿಯೂ ಸಾಲ ಕಾಣುತ್ತದೆಂಬುದನ್ನು ಸಹಿ ಹಾಕಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಭಟ್ಕಳದ ಐಟಿಐ ಬೋಧಕ

ನನ್ನ ವಿದ್ಯಾರ್ಥಿಗಳ ಅನುಭವದಿಂದ ಒಂದು ಮಾತು. ಆಯ್ಕೆಯಾದ ಮೇಲೆ ವರದಿ ನೋಡುವವರೇ ಹೆಚ್ಚು, ಅಷ್ಟರಲ್ಲಿ ಸರಿಪಡಿಸಲು ದಿನಗಳು ಉಳಿದಿರುವುದಿಲ್ಲ. ಅರ್ಜಿ ಹಾಕುವ ಮೊದಲೇ ನೋಡಿರಿ. ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮ 2017ರಿಂದ ಇದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ, ಕಡಿಮೆಯಾದೀತೆಂಬ ಹೆದರಿಕೆಯಿಂದಲೇ ಎಷ್ಟೋ ಹುಡುಗರು ನೋಡದೆ ಉಳಿಯುತ್ತಾರೆ. ಅಂಕ 300ರಿಂದ 900ರ ನಡುವೆ ಇರುತ್ತದೆ. ಅಂಕಕ್ಕಿಂತ ಒಳಗಿನ ಖಾತೆಗಳ ಪಟ್ಟಿಯನ್ನು ಗಮನವಿಟ್ಟು ಓದಿರಿ.

ನಮ್ಮ ಒಬ್ಬ ಹುಡುಗನ ವರದಿಯಲ್ಲಿ ಅವನದೇ ಹೆಸರಿನ ಬೇರೊಬ್ಬನ ಸಾಲ ಸೇರಿಕೊಂಡಿತ್ತು. ಹುಟ್ಟಿದ ವರ್ಷ ಬೇರೆ, ವಿಳಾಸ ಹುಬ್ಬಳ್ಳಿಯದು. ಕಂಪನಿಯ ಜಾಲತಾಣದಲ್ಲಿಯೇ ತಕರಾರು ದಾಖಲಿಸಿದೆವು, ಕೆಲ ವಾರಗಳಲ್ಲಿ ಅದನ್ನು ತೆಗೆದರು. ಇಂಥ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದ್ದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆ 30 ದಿನಗಳಲ್ಲಿ 21 ದಿನ ಸಾಲ ಕೊಟ್ಟ ಸಂಸ್ಥೆಗೆ. ಅಲ್ಲಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಾಲ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರಿನಿಂದ ಅದರ ವ್ಯಾಪ್ತಿಗೆ ಬಂದಿವೆ, ಸಹಾಯವಾಣಿ 14448.

ಹೊನ್ನಾವರದ ಗೃಹಿಣಿ

ನಿನ್ನೆ ನಾಲ್ಕೂ ಕಂಪನಿಗಳ ವರದಿ ತೆಗೆಸಿದೆ. ತೀರಿಸಿದ ಎರಡು ಸಾಲಗಳಲ್ಲಿ ಒಂದು ಇನ್ನೂ ಬಾಕಿಯೆಂದೇ ಇದೆ. ರಸೀದಿ ಪುಸ್ತಕ ನನ್ನ ಬಳಿ ಇದೆ, ಕೊನೆಯ ಕಂತಿನ ಸಹಿಯೂ ಇದೆ. ಇವತ್ತೇ ತಕರಾರು ದಾಖಲಿಸುತ್ತೇನೆ. 2025ರಲ್ಲಿ ಬಂದ ಕರ್ನಾಟಕದ ಮೈಕ್ರೋಫೈನಾನ್ಸ್ ಕಾಯ್ದೆ ಇದಕ್ಕೆ ಏನಾದರೂ ನೆರವಾಗುತ್ತದೆಯೇ, ವಕೀಲರೇ?

ಕಾರವಾರದ ವಕೀಲ

ಆ ಕಾಯ್ದೆ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಬಂದದ್ದು, ವರದಿಯ ತಪ್ಪಿಗೆ ಅದು ಅನ್ವಯಿಸುವುದಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳನ್ನು ಅದರ ಹೊರಗೂ ಇಟ್ಟಿದ್ದಾರೆ. ನಿಮಗೆ ಇರುವ ದಾರಿ ಭಟ್ಕಳದ ಮಾಸ್ತರರು ಹೇಳಿದ 30 ದಿನಗಳದ್ದು. ರಸೀದಿ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಮೂಲವನ್ನು ಯಾರಿಗೂ ಕೊಡಬೇಡಿ.

ಅಂಕೋಲೆಯ ಶಿಕ್ಷಕಿ

ಇಷ್ಟು ಜನ ಸಮಯ ಕೊಟ್ಟು ಬರೆದದ್ದಕ್ಕೆ ನಾನು ಋಣಿ. ಶಾಖೆಗೆ ಹೋಗಿ ಬಂದೆವು. ಹಿಂಬಾಕಿಯ ಲೆಕ್ಕ ಕೊಟ್ಟರು. ನನ್ನ ಸಂಘದ ಉಳಿತಾಯ ಮತ್ತು ಅಮ್ಮನ ಬಳೆಯ ಮೇಲಿನ ಸಾಲ ಸೇರಿಸಿದರೆ ಹೊಂದುತ್ತದೆ. ಆದರೆ ಅಲ್ಲಿದ್ದ ಒಬ್ಬರು, ಒಟ್ಟು ಸಾಲಕ್ಕೆ ರಿಯಾಯಿತಿಯಲ್ಲಿ ಒಂದೇ ಕಂತಿನ ಇತ್ಯರ್ಥ ಮಾಡಿಕೊಳ್ಳಿ, ಬಡ್ಡಿ ಬಿಡುತ್ತಾರೆ, ಸಾಲವೇ ಮುಗಿದುಹೋಗುತ್ತದೆ ಎಂದು ಸಲಹೆ ಕೊಟ್ಟರು. ಮಾವನವರು ಆ ಹಣವನ್ನು ಕೈಗಡವಾಗಿ ಕೊಡಲು ಸಿದ್ಧರಿದ್ದಾರೆ. ಯಾವುದು ಒಳ್ಳೆಯದು?

ಶಿರಸಿಯ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ

ಅಕ್ಕೋರೇ, ನೌಕರಿಯ ಪ್ರಶ್ನೆ ಇರುವಾಗ ಆ ಇತ್ಯರ್ಥಕ್ಕೆ ಕೈ ಹಾಕಲೇಬೇಡಿ. ರಿಯಾಯಿತಿ ಪಡೆದು ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ನಮೂದಾಗುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಪೂರ್ತಿ ಹಣ ಬರಲಿಲ್ಲ, ಬ್ಯಾಂಕು ಒಂದು ಭಾಗ ಬಿಟ್ಟುಕೊಟ್ಟಿತು ಎಂದು ಅದನ್ನು ಓದುವವರು ತಿಳಿಯುತ್ತಾರೆ. ಆ ನಮೂದು ವರ್ಷಗಟ್ಟಲೆ ಉಳಿಯುತ್ತದೆ, ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದೇ ನಿಯಮವಿದೆ. ಹಿಂಬಾಕಿಯನ್ನಷ್ಟೇ ಪೂರ್ತಿ ತುಂಬಿ, ಸಾಲ ಚಾಲ್ತಿಯಲ್ಲಿ ನಡೆಯಲಿ. ಸಂಬಳ ಬಂದ ಮೇಲೆ ತಮ್ಮನೇ ಕಟ್ಟುತ್ತಾನೆ.

ಹಣ ತುಂಬಿದ ಮೇಲೆ ಇನ್ನೂ ಒಂದು ಕೆಲಸ ಇದೆ. ತಂದೆಯವರು ಈ ಸಾಲಕ್ಕೆ ಸಹ-ಸಾಲಗಾರರಾಗಿದ್ದರೆ ಅವರ ವರದಿಯನ್ನೂ ತೆಗೆಸಿ ಅಲ್ಲಿಯೂ ಖಾತೆ ಸರಿಯಾಗಿದೆಯೇ ಎಂದು ನೋಡಿರಿ. ದಾಖಲೆ ಪರಿಶೀಲನೆಗೆ ಹೋಗುವಾಗ ತಮ್ಮನ ಕೈಯಲ್ಲಿ ಶಾಖೆಯ ಪತ್ರ, ಹಣ ತುಂಬಿದ ಚಲನ್, ಖಾತೆಯ ವಿವರ, ತಂದೆಯವರ ಆಸ್ಪತ್ರೆಯ ಕಾಗದ ಮತ್ತು ಒಂದು ಪುಟದ ವಿವರಣೆ ಇರಲಿ. ವಿವರಣೆಯಲ್ಲಿ ಯಾವ ತಿಂಗಳು ಯಾವ ಕಾರಣಕ್ಕೆ ಕಂತು ನಿಂತಿತು, ಯಾವ ದಿನಾಂಕದಂದು ಪೂರ್ತಿ ತುಂಬಲಾಯಿತು ಎಂಬುದಷ್ಟನ್ನೇ ಬರೆಯಲಿ. ಅವರು ಕೇಳುವ ಮೊದಲೇ ಅದನ್ನು ಅರ್ಜಿಯ ಜೊತೆ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ತಲುಪಿದ ಮೊಹರು ಹಾಕಿಸಿಕೊಂಡು ಬರಲಿ.